ಬಿಎಚ್ ನಂಬರ್ ಯಾರಿಗೆ ಸಿಗಬೇಕಿತ್ತು?

ಕೆಲಸದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕಾರು ಮಾಲೀಕರ ಬಹುಕಾಲದ ಸಂಕಟಕ್ಕೆ ಕೇಂದ್ರ ಸರ್ಕಾರ ಕೊಟ್ಟ ಪರಿಹಾರ ಬಿಎಚ್ ನೋಂದಣಿ ಸರಣಿ. 2021ರ ಆಗಸ್ಟ್‌ನಲ್ಲಿ ಅಧಿಸೂಚನೆಯಾಗಿ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ಪರಿಹಾರ ಒಳ್ಳೆಯದೇ. ಅದನ್ನು ಯಾರಿಗೆ ಕೊಡಬೇಕೆಂದು ಗೆರೆ ಎಳೆಯುವಾಗ ಸರ್ಕಾರ ಎಡವಿದೆ ಎಂಬುದು ನನ್ನ ತಕರಾರು.

ಸಂಕಟ ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ, ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಬೇಕು. ಹುಬ್ಬಳ್ಳಿಯ ಕಾರು ಪುಣೆಗೆ ಹೋಯಿತೆನ್ನಿ. ಹಳೆಯ ಆರ್‌ಟಿಒ ಎನ್‌ಒಸಿ ಕೊಡಬೇಕು. ಗಾಡಿ ಸಾಲದ್ದಾದರೆ ಅದಕ್ಕೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಮೂವತ್ತು ದಿನದೊಳಗೆ ಅಧಿಕಾರಿ ಏನೂ ತಿಳಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು 48ನೇ ಕಲಂ ಹೇಳುತ್ತದೆ ನಿಜ. ಆದರೆ ಕೈಯಲ್ಲಿ ಪತ್ರವಿಲ್ಲದೆ, ಆ ಕಲಮನ್ನೇ ನಂಬಿ ಪರರಾಜ್ಯದ ಕೌಂಟರಿನ ಮುಂದೆ ನಿಲ್ಲುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಕಾಗದಕ್ಕಿಂತ ಹೆಚ್ಚು ಕಾಡುವುದು ದುಡ್ಡು. ಕರ್ನಾಟಕದಲ್ಲಿ ಕಾರು ಕೊಂಡಾಗಲೇ ಜೀವಾವಧಿ ತೆರಿಗೆ ಕಟ್ಟಬೇಕು. ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18, ಅದರ ಮೇಲೆ ಸೆಸ್. ನಾಲ್ಕೇ ವರ್ಷಕ್ಕೆ ರಾಜ್ಯ ಬಿಟ್ಟರೂ ಮೊದಲು ಹೊಸ ರಾಜ್ಯಕ್ಕೆ ತೆರಿಗೆ ಕಟ್ಟಿ, ಆ ದಾಖಲೆ ಹಿಡಿದು ಹಳೆಯ ರಾಜ್ಯದಿಂದ ಮರುಪಾವತಿ ಕೇಳಬೇಕು. ಅಲ್ಲಿಯವರೆಗೆ ಒಂದೇ ಅವಧಿಯ ತೆರಿಗೆ ಎರಡು ಖಜಾನೆಗಳಲ್ಲಿ ಕೂತಿರುತ್ತದೆ.

ವಿಮೆಯಲ್ಲಿ ಈ ಗೋಳಿಲ್ಲ. ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ಎಂಜಿನ್ ಗಾತ್ರ ನೋಡುತ್ತದೆ, ರಾಜ್ಯ ನೋಡುವುದಿಲ್ಲ. 2022ರ ದರಪಟ್ಟಿಯಂತೆ 1000 ಸಿಸಿ ಮೀರದ ಕಾರಿಗೆ ಎಲ್ಲೆಡೆ 2,094 ರೂಪಾಯಿ. ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆಯಲ್ಲಿ ಬೆಂಗಳೂರು, ಪುಣೆಯಂಥ ಎಂಟು ಮಹಾನಗರಗಳು ಒಂದು ವಲಯ, ಉಳಿದ ದೇಶವೆಲ್ಲ ಇನ್ನೊಂದು. ನಂಬರ್ ಬದಲಾದಾಗ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ತಿದ್ದುಪಡಿ ಮಾಡಿಸಿದರಾಯಿತು. ನೋ ಕ್ಲೇಮ್ ಬೋನಸ್ ಕೂಡ ಮಾಲೀಕನ ಜೊತೆಗೇ ಬರುತ್ತದೆ. ಅಪಘಾತದ ಹೊಣೆಯನ್ನು ಗಡಿ ದಾಟಿಸಲು ಸಾಧ್ಯವಾದ ಮೇಲೆ ತೆರಿಗೆಯನ್ನೂ ದಾಟಿಸಬಹುದಿತ್ತು.

ಬಿಎಚ್ ಮಾಡಿದ್ದು ಅದನ್ನೇ. ತೆರಿಗೆ ಎರಡೆರಡು ವರ್ಷದ ಕಂತಿನಲ್ಲಿ. ಬೆಲೆಗೆ ತಕ್ಕಂತೆ ಶೇ 8, 10, 12ರ ಹಂತಗಳು. ರಾಜ್ಯ ಬದಲಾದರೂ ನಂಬರ್ ಅದೇ. ಇಷ್ಟು ಹಗುರಾದ ವ್ಯವಸ್ಥೆಯ ಬಾಗಿಲಲ್ಲಿ ಮಾತ್ರ ಕೇಳುವುದು ಉದ್ಯೋಗದಾತ ಯಾರೆಂದು. ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಯವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪನಿಗಳ ನೌಕರರಿಗೆ ಪ್ರವೇಶ. ನಮ್ಮ ಸಾರಿಗೆ ಇಲಾಖೆ ಖಾಸಗಿ ನೌಕರರನ್ನೂ ಹೊರಗಿಡಲು ಹೊರಟಿತ್ತು, ಹೈಕೋರ್ಟ್ ಒಪ್ಪಲಿಲ್ಲ. ಆದರೂ ರಾಯಚೂರಿನಿಂದ ಹೈದರಾಬಾದಿಗೆ ಹೋಗಿ ಸಣ್ಣ ವರ್ಕ್‌ಶಾಪಿನಲ್ಲಿ ದುಡಿಯುವವನಿಗೆ, ಗೋವಾದಲ್ಲಿ ಅಂಗಡಿ ಇಟ್ಟವಳಿಗೆ ಈ ನಂಬರ್ ಇಲ್ಲ. ಬ್ಯಾಂಕ್ ಅಧಿಕಾರಿಗೆ ವರ್ಗಾವಣೆಯ ಆದೇಶ ಮೇಲಿನಿಂದ ಬರುತ್ತದೆ, ಇವರಿಗೆ ಹೊಟ್ಟೆಪಾಡೇ ಆದೇಶ. ಎರಡು ಕಡೆ ತೆರಿಗೆ ಕಟ್ಟಿ ಮರುಪಾವತಿಗೆ ಕಾಯುವ ಶಕ್ತಿ ಇವರಿಗೇ ಕಡಿಮೆ.

ರಾಜ್ಯಗಳ ಅಳುಕಿಗೂ ಕಾರಣವಿದೆ. ತೆರಿಗೆ ಕಡಿಮೆಯೆಂದು ಪುದುಚೇರಿಯಲ್ಲಿ ನೋಂದಣಿ ಮಾಡಿಸಿದ ಐಷಾರಾಮಿ ಕಾರುಗಳು ಬೆಂಗಳೂರಿನ ರಸ್ತೆಗಳಲ್ಲಿ ಓಡುವುದು ಎಲ್ಲರಿಗೂ ಗೊತ್ತು. ಬಿಎಚ್ ದರವೂ ನಮ್ಮ ದರಕ್ಕಿಂತ ಕೆಳಗಿರುವಾಗ ಅನುಮಾನ ಸಹಜ. ಅದಕ್ಕೆ ಮದ್ದು ದರದಲ್ಲಿದೆ, ಉದ್ಯೋಗ ಪತ್ರದಲ್ಲಿಲ್ಲ. ಗಾಡಿ ಇರುವ ರಾಜ್ಯದ ದರವನ್ನೇ ವಿಧಿಸಿ, ಕಂತನ್ನು ಮಾತ್ರ ಎಲ್ಲ ಮಾಲೀಕರಿಗೂ ಕೊಟ್ಟರೆ ಮರುಪಾವತಿಯ ಪ್ರಶ್ನೆಯೇ ಏಳದು, ಕಡಿಮೆ ತೆರಿಗೆಯ ರಾಜ್ಯ ಹುಡುಕುವ ಲಾಭವೂ ಉಳಿಯದು. ವಾಹನ ತೆರಿಗೆ ರಾಜ್ಯಪಟ್ಟಿಯ 57ನೇ ನಮೂದಿನದು. ಆದರೆ ಆ ತೆರಿಗೆಯ ತತ್ವಗಳನ್ನು ರೂಪಿಸುವ ಅಧಿಕಾರವನ್ನು ಸಮವರ್ತಿ ಪಟ್ಟಿಯ 35ನೇ ನಮೂದು ಸಂಸತ್ತಿಗೂ ಕೊಟ್ಟಿದೆ. ಕಂತಿನ ನಿಯಮವನ್ನು ಅಲ್ಲಿಂದಲೇ ತರಬಹುದು.