ಹಳದಿಗೆ ಎಷ್ಟು ಅಂಕ?

ಕಳೆದ ದಸರಾ ರಜೆಯಲ್ಲಿ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಬಗೆಯ ಮೊಟ್ಟೆಗಳು ಎದುರುಬದುರಾಗಿ ಕೂತವು. ಒಂದು, ಬೆಂಗಳೂರಿನಿಂದ ಮಗಳು ತಂದ ಆರು ಮೊಟ್ಟೆಗಳ ರಟ್ಟಿನ ಪೆಟ್ಟಿಗೆ. ಮೇಲೆ ಹಸಿರು ಹುಲ್ಲು, ಹುಲ್ಲಿನ ಮೇಲೊಂದು ಕೋಳಿ, ಪಕ್ಕದಲ್ಲಿ ದಪ್ಪಕ್ಷರದ 'ಆರ್ಗ್ಯಾನಿಕ್'. ಇನ್ನೊಂದು, ಮಧುಗಿರಿ ಕಡೆಯ ನನ್ನ ತವರಿನಿಂದ ಅತ್ತಿಗೆ ಕಳಿಸಿದ್ದು. ಒಡೆಯದಿರಲೆಂದು ರಾಗಿ ಡಬ್ಬಿಯೊಳಗೆ ಹೂತಿಟ್ಟ ಹನ್ನೆರಡು ನಾಟಿ ಮೊಟ್ಟೆ.

"ಅಮ್ಮಾ, ಮಗೂಗೆ ಅದು ಬೇಡ. ಆ ಕೋಳಿಗಳು ತಿಪ್ಪೆ ಕೆದಕ್ತವೆ" ಎಂದಳು ಮಗಳು.

"ಪೆಟ್ಟಿಗೆ ಮೊಟ್ಟೆಗೆ ರುಚಿ ಎಲ್ಲಿಂದ ಬರುತ್ತೆ?" ಎಂದರು ನಮ್ಮ ಯಜಮಾನರು.

ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿದ್ದೀತೆ? ಪರೀಕ್ಷೆ ಇಟ್ಟೇಬಿಟ್ಟೆ.

ಮೊದಲ ಪ್ರಶ್ನೆ ಬಣ್ಣದ್ದು. ಒಡೆದು ನೋಡಿದರೆ ಎರಡರ ಹಳದಿಯೂ ಕಿತ್ತಳೆಗೆ ತಿರುಗಿತ್ತು. ಹಳದಿಯ ಬಣ್ಣ ಬರುವುದು ಕೋಳಿ ತಿನ್ನುವ ಸೊಪ್ಪು, ಮುಸುಕಿನ ಜೋಳದಿಂದ. ಫಾರಂ ಕೋಳಿಯ ಮೇವಿಗೆ ಚೆಂಡುಹೂವಿನ ಸಾರ ಬೆರೆಸಿದರೂ ಅದೇ ಬಣ್ಣ ಬರುತ್ತದೆ. ಚಿಪ್ಪಿನ ಕಂದು ಬಣ್ಣವಂತೂ ಕೋಳಿಯ ತಳಿಗೆ ಸೇರಿದ್ದು, ಸತ್ವಕ್ಕಲ್ಲ. ನಮ್ಮೂರ ಪೇಟೆಯಲ್ಲಿ ಒಮ್ಮೆ 'ನಾಟಿ' ಎಂದು ಕೊಂಡ ಮೊಟ್ಟೆಗಳನ್ನು ತೊಳೆದಾಗ ಟೀ ಡಿಕಾಕ್ಷನ್ನಿನ ಬಣ್ಣ ಬಿಟ್ಟು ಬೆಳ್ಳಗಾದದ್ದನ್ನು ಕಂಡು ನಾನೇ ಪೆಚ್ಚಾಗಿದ್ದೇನೆ. ಆದ್ದರಿಂದ ಬಣ್ಣಕ್ಕೆ ಇಬ್ಬರಿಗೂ ಅಂಕವಿಲ್ಲ.

ಎರಡನೆಯದು ತಾಜಾತನ. ನೀರಿಗೆ ಬಿಟ್ಟೆ. ಹೊಸ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ. ಹಳತಾದಂತೆ ಒಳಗಿನ ಗಾಳಿ ಹೆಚ್ಚಿ ಎದ್ದು ನಿಲ್ಲುತ್ತದೆ. ಪೆಟ್ಟಿಗೆಯವು ಜಾಣ ಹುಡುಗಿಯರಂತೆ ಮಲಗಿದವು. ಅತ್ತಿಗೆಯ ಮೊಟ್ಟೆಗಳಲ್ಲಿ ಮೂರು ಎದ್ದು ನಿಂತವು! ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಎರಡೇ ಹೇಂಟೆ ಇರುವ ಮನೆಯಲ್ಲಿ ಹನ್ನೆರಡು ಮೊಟ್ಟೆ ಕೂಡಿಸಲು ಎಷ್ಟು ದಿನ ಬೇಕು, ನೀವೇ ಲೆಕ್ಕ ಹಾಕಿ.

ಮೂರನೆಯದು ರುಚಿ. ಎರಡನ್ನೂ ಬೇಯಿಸಿ, ಬಿಡಿಸಿ, ಕತ್ತರಿಸಿ, ಯಜಮಾನರ ಕಣ್ಣಿಗೆ ಟವೆಲ್ ಕಟ್ಟಿದೆ. "ನೋಡು, ಇದು ಹಳ್ಳಿಯದು, ಬಾಯಲ್ಲೇ ಗೊತ್ತಾಗುತ್ತೆ" ಎಂದು ಅವರು ಚಪ್ಪರಿಸಿದ್ದು ಪೆಟ್ಟಿಗೆಯ ಮೊಟ್ಟೆಯನ್ನು.

ಹಾಗಾದರೆ ಪೆಟ್ಟಿಗೆಯೇ ಗೆದ್ದಿತೆ? ಅಷ್ಟು ಸುಲಭವಲ್ಲ. 2017ರ ಆಹಾರ ಸುರಕ್ಷತಾ ನಿಯಮದಂತೆ ಅಂಗಡಿಯಲ್ಲಿ ಸಾವಯವ ಎಂದು ಮಾರಲು ಪ್ರಮಾಣಪತ್ರ ಬೇಕು, 'ಜೈವಿಕ ಭಾರತ್' ಗುರುತು ನೋಡಿ ಕೊಳ್ಳಬೇಕು. ಆ ಗುರುತು ಹೇಳುವುದು ಕೋಳಿಯ ಮೇವು, ಔಷಧ, ಸಾಕಣೆಯ ಕ್ರಮವನ್ನು. ಬರಿಯ ಹುಲ್ಲಿನ ಚಿತ್ರ ಏನನ್ನೂ ಹೇಳುವುದಿಲ್ಲ. ಇತ್ತ ಮಗಳ ತಿಪ್ಪೆಯ ಮಾತನ್ನೂ ತಳ್ಳಿಹಾಕಲಾರೆ. ಬಿಟ್ಟ ಕೋಳಿ ಚರಂಡಿಯದನ್ನೂ ತಿನ್ನುತ್ತದೆ, ಔಷಧಿ ಹೊಡೆದ ಹೊಲದ್ದನ್ನೂ ತಿನ್ನುತ್ತದೆ. ಮನೆಯದು ಎಂದ ಮಾತ್ರಕ್ಕೆ ಮಡಿಯಲ್ಲ. ಯಾವುದಾದರೂ ಚೆನ್ನಾಗಿ ಬೇಯಲೇಬೇಕು. ಇನ್ನು ಸತ್ವ? ನಮ್ಮ ಶಾಲೆಯ ಮಕ್ಕಳಿಗೆ 2022ರಿಂದ ಮಧ್ಯಾಹ್ನ ಕೊಡುವ ಬಿಳಿ ಫಾರಂ ಮೊಟ್ಟೆಯಲ್ಲೂ ಸುಮಾರು 6 ಗ್ರಾಂ ಪ್ರೋಟೀನು ಇದ್ದೇ ಇದೆ.

ನನ್ನ ತಕರಾರು ಬೇರೆಯದು. "ನಾವು ಚಿಕ್ಕವರಿದ್ದಾಗ ನಾಟಿ ಮೊಟ್ಟೆ ತಿಂದು ಬೆಳೆದವರು" ಎಂದು ನಾವೆಲ್ಲ ಹೇಳುತ್ತೇವಲ್ಲ, ನಿಜಕ್ಕೂ ತಿಂದೆವೆ? ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ಇಟ್ಟರೆ ನಾಟಿ ಹೇಂಟೆ ಇಡುವುದು 60-70. ಅದರಲ್ಲಿ ಕಾವಿಗೆ ಇಟ್ಟದ್ದು ಕಳೆಯಿರಿ. ಕಾವಿಗೆ ಕೂತ 21 ದಿನ, ಮರಿಗಳ ಹಿಂದೆ ಅಲೆಯುವ ಅಷ್ಟೂ ದಿನ ಮೊಟ್ಟೆಯೇ ಇಲ್ಲ. ಉಳಿದದ್ದು ಸಂತೆಗೆ. ನಮ್ಮ ಮನೆಯಲ್ಲಿ ಮೊಟ್ಟೆ ಸಿಗುತ್ತಿದ್ದುದು ಬಾಣಂತಿಗೆ, ಇಲ್ಲವೇ ಜ್ವರ ಬಿಟ್ಟವರಿಗೆ. ಅಮ್ಮ ತಿಂದದ್ದನ್ನು ನಾನು ನೋಡಿಲ್ಲ. ಹೊಲದ ದುಡ್ಡು ಅಪ್ಪನದು, ಮೊಟ್ಟೆಯ ದುಡ್ಡು ಮಾತ್ರ ಅವಳದು. ಅದು ಸಾಸಿವೆ ಡಬ್ಬಿಯ ತಳದಲ್ಲಿ ಇರುತ್ತಿತ್ತು. 1993ರಲ್ಲಿ ನನ್ನ ಬಿ.ಎಡ್. ಪರೀಕ್ಷೆಯ ಶುಲ್ಕಕ್ಕೆ ಅಪ್ಪ ಕೈ ಆಡಿಸಿದಾಗ ಆ ಡಬ್ಬಿ ಕೆಳಗಿಳಿಯಿತು. ಸಾಸಿವೆ ವಾಸನೆಯ ಆ ನೋಟುಗಳನ್ನು ನಾನು ಮರೆತಿಲ್ಲ ಎಂದುಕೊಂಡಿದ್ದೆ.

ಮರೆತಿದ್ದೆ. ಮಗಳು ಪೆಟ್ಟಿಗೆಗೆ ನೂರು ರೂಪಾಯಿಗೂ ಮೇಲೆ ಕೊಟ್ಟದ್ದಕ್ಕೆ ನಾನು ತುಟಿ ಬಿಚ್ಚಲಿಲ್ಲ. ಅದರ ಹಿಂದಿನ ಭಾನುವಾರವಷ್ಟೇ ಸಂತೆಯಲ್ಲಿ ಮಂಕರಿ ಮುಂದಿಟ್ಟು ಕೂತಿದ್ದ ಹೆಂಗಸಿನ ಹತ್ತಿರ ಒಂದಕ್ಕೆ ಹದಿನೈದು ಹೆಚ್ಚಾಯಿತೆಂದು ಚೌಕಾಸಿ ಮಾಡಿ, ಹದಿಮೂರಕ್ಕೆ ಇಳಿಸಿ, ಗೆದ್ದವಳಂತೆ ಮನೆಗೆ ಬಂದಿದ್ದೆ.

ಸಂಜೆ ಅತ್ತಿಗೆಗೆ ಫೋನು ಮಾಡಿದೆ. "ನೀನು ಒಂದಾದ್ರೂ ತಿಂತೀಯಾ?" ಎಂದೆ.

"ನಂಗ್ಯಾಕಮ್ಮ ಮೊಟ್ಟೆ? ಮಾರಿದ್ರೆ ಮೊಮ್ಮಗಳ ಬಸ್ ಚಾರ್ಜಿಗಾಯ್ತದೆ. ಮಗಾ ಬಂದೈತೆ ಅಂತ ಕಳಿಸ್ದೆ" ಎಂದಳು.

ಮಗಳು ಕೇಳಿಸಿಕೊಂಡಳು. ಏನೂ ಹೇಳದೆ ನೀರಿನಲ್ಲಿ ಮಲಗಿದ್ದ ನಾಟಿ ಮೊಟ್ಟೆಗಳಲ್ಲಿ ಒಂದನ್ನು ಆರಿಸಿ, ತೊಳೆದು, ಮಗುವಿಗೆಂದು ಬೇಯಲಿಟ್ಟಳು.

ಮುಂದಿನ ಭಾನುವಾರ ಸಂತೆಯಲ್ಲಿ ಆ ಹೆಂಗಸು ನನ್ನನ್ನು ಕಂಡೊಡನೆ ತಾನೇ "ಹದ್ಮೂರೇ ಕೊಡಿ ಮೇಡಂ" ಎಂದಳು. ಹದಿನೈದರ ಲೆಕ್ಕದಲ್ಲಿ ಎಣಿಸಿಕೊಟ್ಟೆ. ಹಿಂದಿನ ವಾರದ ಬಾಕಿಯನ್ನೂ ಸೇರಿಸಿದೆ. ಅವಳು ಎರಡು ಸಲ ಎಣಿಸಿದಳು, ನಾನು ತಪ್ಪಿದ್ದೇನೆಂದು.