ಹತಾರ ಮತ್ತು ಬೀಸುಕಲ್ಲು: ಹಲಗಲಿ ಲಾವಣಿಯ ಒಂದು ಓದು

ಹಲಗಲಿ ಬೇಡರ ಲಾವಣಿಯನ್ನು ಸಾಲಿ ಪುಸ್ತಕದಾಗ ಓದಿದವರು ನಮ್ಮ ಗಡಿ ಸೀಮೆಯಲ್ಲಿ ಅದಾರ, ದಪ್ಪಿನ ಸಪ್ಪಳದಾಗ ಕೇಳಿದವರೂ ಅದಾರ. ಇಬ್ಬರಿಗೂ ಹೇಳಿಕೊಟ್ಟ ಅರ್ಥ ಒಂದೇ: ಇದು ಸ್ವಾತಂತ್ರ್ಯದ ಹಾಡು. ಅರ್ಥ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಲಾವಣಿಯ ಅರ್ಧ ಜೀವ ಹೋಗುತ್ತದೆ. ನನ್ನ ಮಟ್ಟಿಗೆ ಇದು ಮೊದಲು ಮನೆಯ ಹಾಡು, ಅಜ್ಜ-ಮುತ್ತಜ್ಜರಿಂದ ಬಂದ ಹತಾರದ ಹಾಡು.

ಸಂಗತಿ ಗೊತ್ತಿದ್ದದ್ದೇ. 1857ರಲ್ಲಿ ಜನರ ಕೈಯಲ್ಲಿದ್ದ ಆಯುಧ ಕಸಿಯುವ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲಿಲ್ಲ. ಸರಕಾರಕ್ಕೆ ಬಂದೂಕು ಅಂದರೆ ದಂಗೆ. ಬೇಡರಿಗೆ ಅದು ಬೇಟೆ, ಊರ ಕಾವಲು, ಹೊಟ್ಟೆಯ ದಾರಿ. ಅಪ್ಪನ ಕೈಯಿಂದ ಮಗನ ಕೈಗೆ ಬಂದ ವಸ್ತುವನ್ನು ಯಾರೋ ಬಂದು "ಕೊಡ್ರಿ" ಅಂದರೆ ಹೆಂಗ ಕೊಡಬೇಕು? ಹಣಮ, ಬಾಲ, ಜಡಗ, ರಾಮ ಕೂಡಿ ಮಸಲತ್ತು ಮಾಡುವ ಭಾಗದಲ್ಲಿ ಈ ಬಿಕ್ಕಟ್ಟೇ ಐತಿ. ದೇಶದ ಮಾತು ಅಲ್ಲಿ ಕೇಳುವುದಿಲ್ಲ. ಕೈಯಾಗಿನ ಹತಾರದ ಮಾತು ಕೇಳುತ್ತದೆ.

ಲಾವಣಿಯ ನಿಜವಾದ ಶಕ್ತಿ ಇರುವುದು ಕಾಳಗದ ಸಾಲುಗಳಲ್ಲಿ ಅಲ್ಲ, ಲೂಟಿಯ ಪಟ್ಟಿಯಲ್ಲಿ. ಹತಾರ ಕೇಳಲು ಬಂದವರು ಏನೇನು ಒಯ್ದರು? ಕೊಡಲಿ, ಬೆಣ್ಣೆ, ಉಪ್ಪು, ಜೀರಿಗೆ, ಚರಿಗೆ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲನ್ನೂ ಬಿಡಲಿಲ್ಲ. ಕವಿ ಇಲ್ಲಿ ಅಳುವುದಿಲ್ಲ, ಬೈಯುವುದೂ ಇಲ್ಲ. ಸಾಮಾನು ಎಣಿಸುತ್ತಾನೆ ಅಷ್ಟೇ. ಆ ಎಣಿಕೆಯಲ್ಲಿ ಹತಾರವೂ ಬೀಸುಕಲ್ಲೂ ಒಂದೇ ಮನೆಯವು ಅನ್ನುವುದು ತಾನಾಗಿ ತಿಳಿಯುತ್ತದೆ.

ಒಂದು ಕೊರತೆಯೂ ಐತಿ. ಪುಸ್ತಕದಲ್ಲಿ ಬಂದ ಭಾಗದಲ್ಲಿ ಯಾವ ಬಂದೂಕು ಯಾರ ಅಜ್ಜನದು, ಅದನ್ನು ಯಾರು ಮಾಡಿದರು, ಯಾರು ಹಿಡಿದರು ಅನ್ನುವ ಮಾತಿಲ್ಲ. ಎಲ್ಲವೂ "ಹತಾರ" ಎಂಬ ಒಂದೇ ಮಾತಿನಲ್ಲಿ ಅಡಗುತ್ತದೆ. ಬೆಣ್ಣೆ, ಜೀರಿಗೆಯನ್ನು ಬಿಡದೆ ಎಣಿಸಿದ ಕವಿ ಬಂದೂಕುಗಳನ್ನೂ ಹಾಗೇ ಎಣಿಸಿದ್ದರೆ ಆ ಮನೆತನಗಳ ಗುರುತು ನಮಗೆ ಉಳಿಯುತ್ತಿತ್ತು.

ಕೊಡಗಿನ ಜೊತೆ ಹೋಲಿಸಿ ನೋಡಿರಿ. ಅದೇ ಇಂಗ್ಲಿಷ್ ಆಡಳಿತ ಕೊಡವರಿಗೆ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟಿತು. ಅದು ಇವತ್ತಿಗೂ ನಡೆದಿದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಮನೆತನದ ಕೋವಿಗೆ ಹೂ ಇಟ್ಟು ಪೂಜೆ ಮಾಡುತ್ತಾರೆ. ಹಲಗಲಿಯ ಪಾಲಿಗೆ ಬಂದದ್ದು ಬೆಂಕಿ, ಗಲ್ಲು. ಯಾರ ಮನೆಯ ಹತಾರ ಗೌರವ, ಯಾರದು ಅಪರಾಧ ಅನ್ನುವುದನ್ನು ಹತಾರ ತೀರ್ಮಾನಿಸುವುದಿಲ್ಲ, ಅಧಿಕಾರ ತೀರ್ಮಾನಿಸುತ್ತದೆ. ಲಾವಣಿ ಕಲಿಸುವ ಮಾಸ್ತರರು ಇದನ್ನು ಹುಡುಗರ ಮುಂದೆ ಇಡಬೇಕು.

ಮನೆಮನೆಗೂ ಬಂದೂಕು ಬೇಕು ಅನ್ನುವ ವಾದ ಇದಲ್ಲ. ಇವತ್ತೂ ಅಜ್ಜ ತೀರಿದರೆ ಮೊಮ್ಮಗ ತನ್ನ ಹೆಸರಿನಲ್ಲಿ ಲೈಸೆನ್ಸು ತರಬೇಕು, ಅದು ಸರಿಯೇ. ಆದರೆ ಒಂದು ವಸ್ತುವನ್ನು ಕಸಿದಾಗ ಅದರ ಸಂಗಡ ಏನೇನು ಹೋಗುತ್ತದೆ ಅನ್ನುವುದನ್ನು ಈ ಲಾವಣಿಯಷ್ಟು ಸರಳವಾಗಿ ಹೇಳಿದ ಹಾಡು ಕಡಿಮೆ. ನಮ್ಮ ಹಾಡುಗಾರರು ಕಾಳಗದ ಸಾಲಿಗೆ ದಪ್ಪು ಜೋರು ಬಾರಿಸಲಿ. ಲೂಟಿಯ ಪಟ್ಟಿ ಬಂದಾಗ ಮಾತ್ರ ಸ್ವಲ್ಪ ಇಳಿಸಲಿ. ಬೀಸುಕಲ್ಲಿನ ಹೆಸರು ಎಲ್ಲರಿಗೂ ಕೇಳಬೇಕು.