ತಣ್ಣಗಿನ ಎಂಜಿನ್ ನುಡಿಯುವ ಸಾಕ್ಷ್ಯ

ಇಂಧನ ಇಂಜೆಕ್ಷನ್ ಇರುವ ಔಟ್‌ಬೋರ್ಡ್ ಎಂಜಿನ್ ಬೆಳಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿದರೆ ಅದರ ಕಾರಣ ಹಿಡಿಯಲು ಸಿಗುವುದು ದಿನಕ್ಕೆ ಒಂದೇ ಅವಕಾಶ. ರಾತ್ರಿಯಿಡೀ ತಣ್ಣಗೆ ಕೂತ ಎಂಜಿನ್‌ನ ಕೀ ತಿರುಗಿಸಿದ ಮೊದಲ ಅರ್ಧ ನಿಮಿಷ ಕಳೆದುಹೋದರೆ ಮತ್ತೆ ಮರುದಿನ ಬೆಳಗಿನವರೆಗೆ ಕಾಯಬೇಕು. ನಮ್ಮಲ್ಲಿ ರೂಢಿಯಾಗಿರುವ ದುರಸ್ತಿ ಕ್ರಮ ಮೊಟ್ಟಮೊದಲು ಅಳಿಸಿಹಾಕುವುದು ಆ ಅರ್ಧ ನಿಮಿಷವನ್ನೇ. ದೋಣಿಯವರು ಮತ್ತೆ ಮತ್ತೆ ಸೆಲ್ಫ್ ಹೊಡೆದಿರುತ್ತಾರೆ, ರಬ್ಬರ್ ಬಲ್ಬ್ ಒತ್ತಿರುತ್ತಾರೆ, ಥ್ರಾಟಲ್ ಎಳೆದಿರುತ್ತಾರೆ. ಹೇಗೋ ಹೊತ್ತಿಕೊಂಡ ಎಂಜಿನ್ ಅದೇ ಬಿಸಿಯಲ್ಲಿ ಮೆಕ್ಯಾನಿಕ್ ಬಳಿ ಬಂದು ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಅಲ್ಲಿಂದ ಊಹೆಯ ಕೆಲಸ ಶುರು. ಪ್ಲಗ್ ಬದಲಿಸುತ್ತಾರೆ, ಅದರಿಂದ ಸರಿಹೋಗದಿದ್ದರೆ ಇಂಜೆಕ್ಟರ್ ಕ್ಲೀನ್ ಮಾಡುತ್ತಾರೆ, ಅದೂ ಫಲಿಸದಿದ್ದರೆ ಪಂಪ್ ಬದಲಿಸುತ್ತಾರೆ. ಇದರಲ್ಲಿ ಹಣ ಹಾಳಾಗುವುದು ಚಿಕ್ಕ ಮಾತು. ಕಾರಣ ತಿಳಿಯದೆ ‘ಸರಿಯಾದ’ ಎಂಜಿನ್ ಅಳಿವೆ ಬಾಯಲ್ಲಿ ಅಲೆಗಳ ನಡುವೆ ಕೈಕೊಟ್ಟರೆ ದೋಣಿಯಲ್ಲಿರುವವರ ಜೀವಕ್ಕೇ ಅಪಾಯ.

ಈ ರೂಢಿ ಕಾರ್ಬುರೇಟರ್ ಕಾಲದಿಂದ ಬಂದದ್ದು. ಅಲ್ಲಿ ಚೋಕ್ ಎಳೆದು, ಥ್ರಾಟಲ್ ಸ್ವಲ್ಪ ತೆರೆದು, ಕಿವಿಯಿಂದಲೇ ಮಿಶ್ರಣ ಹದ ಮಾಡುವುದು ನಿಜವಾದ ಕಸುಬುದಾರಿಕೆ. ಇಂಜೆಕ್ಷನ್ ಎಂಜಿನ್‌ನಲ್ಲಿ ಆ ಹದವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಎಂಜಿನ್ ಎಷ್ಟು ತಣ್ಣಗಿದೆ, ಒಳಬರುವ ಗಾಳಿ ಎಷ್ಟು ತಣ್ಣಗಿದೆ ಎಂದು ಸೆನ್ಸರ್‌ಗಳಿಂದ ತಿಳಿದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಅದೇ ತೀರ್ಮಾನಿಸುತ್ತದೆ. ಸೆಲ್ಫ್ ಹೊಡೆಯುವಾಗ ಥ್ರಾಟಲ್ ಪೂರ್ತಿ ತೆರೆದರೆ, ಸಿಲಿಂಡರ್‌ನಲ್ಲಿ ಪೆಟ್ರೋಲ್ ಹೆಚ್ಚಾಗಿದೆ ಎಂದು ತಿಳಿದು ಇಂಧನವನ್ನೇ ನಿಲ್ಲಿಸುವ ವ್ಯವಸ್ಥೆಗಳೂ ಇವೆ. ಹಳೆಯ ಎಂಜಿನ್‌ಗೆ ನೆರವಾಗುತ್ತಿದ್ದ ಕೈ ಹೊಸದರಲ್ಲಿ ಅಡ್ಡಿಯಾಗುವುದು ಹೀಗೆ.

ತಯಾರಕರ ಸರ್ವಿಸ್ ಮ್ಯಾನ್ಯುಯಲ್‌ಗಳು ಇದನ್ನು ತಿದ್ದಬೇಕಿತ್ತು. ಅಳತೆಗಳಲ್ಲಿ, ಬಿಚ್ಚಿ ಜೋಡಿಸುವ ವಿವರಗಳಲ್ಲಿ ಅವುಗಳಿಗೆ ಸಾಟಿಯಿಲ್ಲ. ದೋಷ ಪತ್ತೆಯ ಕೋಷ್ಟಕದಲ್ಲಿ ಮಾತ್ರ, ನಾನು ನೋಡಿದ ಬಹುತೇಕ ಪುಸ್ತಕಗಳು ಸೋಲುತ್ತವೆ. ‘ಸೆಲ್ಫ್ ತಿರುಗುತ್ತದೆ, ಎಂಜಿನ್ ಸ್ಟಾರ್ಟ್ ಆಗುವುದಿಲ್ಲ’ ಎಂಬ ಒಂದು ಸಾಲಿನೆದುರು ಹಳೆಯ ಪೆಟ್ರೋಲ್, ಪ್ಲಗ್, ಫಿಲ್ಟರ್, ಪಂಪ್, ಇಂಜೆಕ್ಟರ್, ಸೆನ್ಸರ್ ಎಲ್ಲವೂ ಸಾಲುಗಟ್ಟಿರುತ್ತವೆ. ಬೆಳಗ್ಗೆ ಕಾಡಿಸಿ ಮಧ್ಯಾಹ್ನ ಸಲೀಸಾಗಿ ಸ್ಟಾರ್ಟ್ ಆಗುವ ಎಂಜಿನ್‌ಗೂ ಯಾವಾಗಲೂ ಸ್ಟಾರ್ಟ್ ಆಗದ ಎಂಜಿನ್‌ಗೂ ಅಲ್ಲಿ ಒಂದೇ ಪಟ್ಟಿ. ಬಿಸಿಯಾದಾಗ ಸಲೀಸಾಗಿ ಸ್ಟಾರ್ಟ್ ಆಗುತ್ತದೆ ಎಂದರೆ ಕಿಡಿ ಇದೆ, ಕಂಪ್ರೆಷನ್ ಇದೆ, ಪಂಪ್ ತಿರುಗುತ್ತಿದೆ ಎಂದರ್ಥ. ಪಟ್ಟಿಯ ಅರ್ಧ ಅಲ್ಲಿಗೇ ಕಳಚಿಕೊಳ್ಳಬೇಕು.

ಉಳಿದರ್ಧವನ್ನು ಬೇರ್ಪಡಿಸುವ ಪರೀಕ್ಷೆಗೆ ಕಾಸೂ ಖರ್ಚಿಲ್ಲ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕಡಿಮೆ ಒತ್ತಡದ ಪಂಪ್ ಬಹಳಷ್ಟು ಎಂಜಿನ್‌ಗಳಲ್ಲಿ ಎಂಜಿನ್ ತಿರುಗಿದರಷ್ಟೇ ಕೆಲಸ ಮಾಡುತ್ತದೆ. ಅದು ವೇಪರ್ ಸೆಪರೇಟರ್ ಎಂಬ ಚಿಕ್ಕ ತೊಟ್ಟಿಯನ್ನು ತುಂಬಿಸುತ್ತದೆ. ಅಲ್ಲಿಂದ ವಿದ್ಯುತ್ ಪಂಪ್ ಹೆಚ್ಚಿನ ಒತ್ತಡದಲ್ಲಿ ಇಂಜೆಕ್ಟರ್‌ಗಳಿಗೆ ಕಳಿಸುತ್ತದೆ. ಕೀ ಹಾಕಿದಾಗ ಕೆಲವು ಸೆಕೆಂಡ್ ಗುಂಯ್ ಎನ್ನುವುದು ಈ ಎರಡನೆಯ ಪಂಪ್. ಬೆಳಗ್ಗೆ ಏನನ್ನೂ ಮಾಡುವ ಮೊದಲು ಬಲ್ಬ್ ಮುಟ್ಟಿ ನೋಡಬೇಕು. ಅದು ಮೆತ್ತಗಿದ್ದು, ಬಾಣದ ತುದಿ ಮೇಲೆ ಮಾಡಿ ಗಟ್ಟಿಯಾಗುವವರೆಗೆ ಒತ್ತಿದ ಕೂಡಲೇ ಎಂಜಿನ್ ಸ್ಟಾರ್ಟ್ ಆದರೆ ದೋಷ ಟ್ಯಾಂಕಿನ ಕಡೆಗಿದೆ: ಕನೆಕ್ಟರ್‌ನಲ್ಲಿ ಗಾಳಿ ಎಳೆಯುತ್ತಿರಬಹುದು, ಬಲ್ಬಿನ ವಾಲ್ವ್ ಸವೆದಿರಬಹುದು. ಬಲ್ಬ್ ಗಟ್ಟಿಯಾಗಿಯೇ ಇದ್ದು, ಸೆಲ್ಫ್ ಹೊಡೆಯದೆ ಕೀಯನ್ನು ಎರಡು ಮೂರು ಸಲ ಆನ್ ಆಫ್ ಮಾಡಿದ ಮೇಲೆ ಸ್ಟಾರ್ಟ್ ಆದರೆ ರಾತ್ರಿ ಒತ್ತಡ ಇಳಿದುಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಆಗ ಸಂಶಯ ಪಡಬೇಕಾದದ್ದು ಪಂಪಿನ ಚೆಕ್ ವಾಲ್ವ್, ರೆಗ್ಯುಲೇಟರ್, ತೊಟ್ಟಿಕ್ಕುವ ಇಂಜೆಕ್ಟರ್‌ಗಳ ಮೇಲೆ. ಎರಡನ್ನೂ ಒಟ್ಟಿಗೆ ಮಾಡಿದವರಿಗೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಉತ್ತರ ಸಿಗುವುದಿಲ್ಲ. ಈಥರ್ ಸ್ಪ್ರೇ ಹೊಡೆಯುವವರು ಉತ್ತರದ ಜೊತೆಗೆ ಎಂಜಿನ್ನನ್ನೂ ಪಣಕ್ಕಿಡುತ್ತಾರೆ.

ಸ್ಕ್ಯಾನರ್ ಬಂದ ಮೇಲೆ ಈ ತಾಳ್ಮೆ ಬೇಡವೆಂಬ ನಂಬಿಕೆ ಹರಡಿದೆ. ಸೆನ್ಸರ್‌ನ ವೈರ್ ಕಡಿದರೆ, ಶಾರ್ಟ್ ಆದರೆ ಸ್ಕ್ಯಾನರ್ ಖಂಡಿತ ಹೇಳುತ್ತದೆ. ನಂಬುವಂತಹ ಸುಳ್ಳನ್ನು ಅದು ಹಿಡಿಯಲಾರದು. ತಾಪಮಾನದ ಸೆನ್ಸರ್‌ನ ವಿದ್ಯುತ್ ತಡೆ ತಣ್ಣಗಾದಂತೆ ಏರುತ್ತದೆ. ಉಪ್ಪುಗಾಳಿಗೆ ಅದರ ಪ್ಲಗ್ಗಿನ ಪಿನ್‌ಗಳು ಹಸಿರುಗಟ್ಟಿ ತಡೆ ಇನ್ನಷ್ಟು ಕೂಡಿಕೊಂಡರೆ, 27 ಡಿಗ್ರಿಯ ಬೆಳಗಿನಲ್ಲಿ ಕಂಪ್ಯೂಟರ್‌ಗೆ ಕೊರೆಯುವ ಚಳಿ ಕಾಣಿಸುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿದು ಪ್ಲಗ್ ನೆನೆಯುತ್ತದೆ. ಫೋರ್‌ಸ್ಟ್ರೋಕ್ ಎಂಜಿನ್ ಆದರೆ ಆ ಪೆಟ್ರೋಲ್ ಕೆಳಗಿಳಿದು ಎಂಜಿನ್ ಆಯಿಲ್ ಮಟ್ಟವೇ ಏರುತ್ತದೆ. ಇಷ್ಟಾದರೂ ಕೋಡ್ ಬಾರದಿರಬಹುದು, ಏಕೆಂದರೆ ಅಷ್ಟು ಚಳಿ ಇರುವ ದೇಶಗಳೂ ಇವೆ. ಸ್ಕ್ಯಾನರಿನ ನಿಜವಾದ ಬೆಲೆ ಇರುವುದು ಲೈವ್ ಡೇಟಾ ಪುಟದಲ್ಲಿ. ರಾತ್ರಿ ಕಳೆದ ಎಂಜಿನ್‌ನಲ್ಲಿ ಎಂಜಿನ್ ತಾಪಮಾನ, ಗಾಳಿಯ ತಾಪಮಾನ, ಹೊರಗಿನ ಥರ್ಮಾಮೀಟರ್ ಮೂರೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಒಂದು ಬೇರೆಯಾದರೆ ಸುಳ್ಳುಗಾರ ಸಿಕ್ಕಿಬಿದ್ದ ಹಾಗೆ. ಸೆಲ್ಫ್ ಹೊಡೆಯುವ ಮೊದಲು ಒಂದು ನಿಮಿಷ ಸಾಕಾಗುವ ಈ ಕೆಲಸವನ್ನು ಬಿಟ್ಟು ಕೋಡ್ ಇಲ್ಲ ಎಂದು ಸ್ಕ್ಯಾನರ್ ಎತ್ತಿಡುವುದು ನನಗೆ ಬೇಸರದ ಸಂಗತಿ.

ಬ್ಯಾಟರಿಯ ಬಗ್ಗೆ ಒಂದು ಮಾತು ಸಾಕು. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಸೆಲ್ಫ್ ತಿರುಗುತ್ತಿರುವಾಗ ಅದು 9.5ಕ್ಕಿಂತ ಕೆಳಗಿಳಿದರೆ ಮೋಟರ್ ತಿರುಗೀತು, ಆದರೆ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಕಂಪ್ಯೂಟರ್ ತಡವರಿಸುತ್ತದೆ.

ಕರಾವಳಿಯಲ್ಲಿ ಈ ತೊಂದರೆ ಜೋರಾಗುವುದು ಚಳಿಗಾಲದಲ್ಲಲ್ಲ, ಆಗಸ್ಟ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ 10 ಅಶ್ವಶಕ್ತಿ ಮೀರಿದ ಎಂಜಿನ್‌ಗಳು ಸುಮ್ಮನೆ ಕೂರುತ್ತವೆ. ಚಳಿದೇಶಗಳಿಗೆಂದು ಬರೆದ ಸಲಹೆ ಇಲ್ಲಿ ದಾರಿ ತಪ್ಪಿಸುತ್ತದೆ. ಇಲ್ಲಿ ಕೆಟ್ಟಿರುವುದು ಇಂಧನ. ತಣ್ಣಗಿನ ಎಂಜಿನ್‌ನಲ್ಲಿ ಮೊದಲು ಆವಿಯಾಗಿ ಹೊತ್ತಿಕೊಳ್ಳುವುದು ಪೆಟ್ರೋಲಿನ ಹಗುರ ಅಂಶಗಳು. ಟ್ಯಾಂಕಿನ ಗಾಳಿಕಿಂಡಿಯಿಂದ ಎರಡು ತಿಂಗಳಲ್ಲಿ ಹಾರಿಹೋಗುವುದೂ ಅವೇ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ 20 ಎಥೆನಾಲ್ ಪೆಟ್ರೋಲ್ ಇದಕ್ಕೆ ಹೊಸ ಪದರ ಸೇರಿಸಿದೆ. ಎಥೆನಾಲ್ ಕುದಿಯಲು 78 ಡಿಗ್ರಿ ಬೇಕು, ಮಳೆಗಾಲದ ತೇವವನ್ನು ಅದು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದರೆ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದು ಅದೇ ತಳದಲ್ಲಿ. ಟ್ಯಾಂಕಿಗೆ ಹೊಸ ಪೆಟ್ರೋಲ್ ತುಂಬಿಸಿಯೂ ಮೊದಲ ದಿನ ಸೋಲುವವರು ಎಂಜಿನ್ ಮೊದಲು ಕುಡಿಯುವುದು ವೇಪರ್ ಸೆಪರೇಟರ್‌ನಲ್ಲಿ ಉಳಿದ ಮೇ ತಿಂಗಳ ಪೆಟ್ರೋಲನ್ನು ಎಂಬುದನ್ನು ಮರೆತಿರುತ್ತಾರೆ. ಅದರ ತಳದ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಇಳಿಸಿಕೊಂಡರೆ ನೀರು, ಅಂಟು, ಬಣ್ಣ ಎಲ್ಲ ಕಣ್ಣಿಗೇ ಕಾಣುತ್ತದೆ. ಇಂಜೆಕ್ಟರ್ ಬಿಚ್ಚುವ ಮೊದಲು ಮಾಡಬೇಕಾದ ಕೆಲಸ ಇದು.

ಬ್ಯಾಟರಿಯೇ ಇಲ್ಲದ ಇಂಜೆಕ್ಷನ್ ಎಂಜಿನ್‌ಗಳ ಲೆಕ್ಕ ಬೇರೆ. ಸುಜುಕಿ 2012ರಲ್ಲಿ 15 ಮತ್ತು 20 ಅಶ್ವಶಕ್ತಿಯಲ್ಲಿ ತಂದ ಮಾದರಿಗಳಲ್ಲಿ ಪಂಪ್, ಇಂಜೆಕ್ಟರ್, ಕಂಪ್ಯೂಟರ್ ಮೂರಕ್ಕೂ ವಿದ್ಯುತ್ ಹುಟ್ಟುವುದು ಹಗ್ಗದ ಎಳೆತದಲ್ಲಿ. ಹಗ್ಗದಿಂದ ಸ್ಟಾರ್ಟ್ ಮಾಡುವಾಗ ಕೀ ಹಾಕಿ ಪಂಪಿನ ಸದ್ದು ಕೇಳುವ ಅನುಕೂಲ ಅಲ್ಲಿಲ್ಲ. ಬಲ್ಬ್ ಗಟ್ಟಿಯಾಗಿದ್ದೂ ಮೆಲ್ಲಗೆ ಎಳೆದಾಗ ಸತ್ತಂತಿದ್ದು, ಬಲವಾಗಿ ಒಂದೇ ಸೆಳೆತಕ್ಕೆ ಎದ್ದರೆ ಎಂಜಿನ್‌ನಲ್ಲಿ ದೋಷವಿಲ್ಲ. ಹಗ್ಗವನ್ನು ಹಲ್ಲು ಸಿಕ್ಕುವವರೆಗೆ ನಿಧಾನವಾಗಿ ಎಳೆದು, ಅಲ್ಲಿಂದ ಪೂರ್ತಿ ತೋಳಿನ ಬಲದಲ್ಲಿ ಸೆಳೆಯುವ ಹಳೆಯ ನಾಡದೋಣಿಯವರ ಕೈ ಇಲ್ಲಿ ಈಗಲೂ ಬೇಕು.